ನನ್ನ ತೋಳು ಕಂಡರೆ ಸಹೋದರರು ಎಡವುತ್ತಾರೆಯೇ?

ಪ್ರಶ್ನೆ: ನನಗೆ 24 ವರ್ಷ. ಆರು ತಿಂಗಳ ಹಿಂದೆ ಹೊಸ ಕ್ರೈಸ್ತ ಸಭೆಯೊಂದಕ್ಕೆ ಸೇರಿದೆ. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯ ಸಹೋದರಿಯೊಬ್ಬರು ಪಕ್ಕಕ್ಕೆ ಕರೆದು, "ನಿನ್ನ ತೋಳಿಲ್ಲದ ಉಡುಪಿನಿಂದ ಯೌವನಸ್ಥರು ಎಡವುತ್ತಾರೆ, ಅದರ ಲೆಕ್ಕ ದೇವರು ನಿನ್ನಿಂದಲೇ ಕೇಳುತ್ತಾನೆ" ಎಂದರು. ಹೆಂಗಸರು ಪ್ಯಾಂಟ್ ಹಾಕುವುದು ಧರ್ಮೋಪದೇಶಕಾಂಡದ ಪ್ರಕಾರ ಅಸಹ್ಯವಂತೆ. ಅಜ್ಜಿ ಕೊಟ್ಟ ಓಲೆಯನ್ನೂ ತೆಗೆದಿಡು ಎಂದರು. ಅಂದಿನಿಂದ ಕನ್ನಡಿ ಮುಂದೆ ನಿಂತರೆ ಅಳು ಬರುತ್ತದೆ. ಸತ್ಯವೇದ ನಿಜವಾಗಿ ಏನು ಹೇಳುತ್ತದೆ? ನಾನು ಈ ಸಭೆ ಬಿಡಬೇಕೇ?

ಉತ್ತರ: ಪ್ರಿಯ ಸಹೋದರಿ, ಮೊದಲು ಆ ಕನ್ನಡಿಯ ಮಾತು. ಅದರಲ್ಲಿ ಕಾಣುವ ದೇಹ ದೇವರ ಕೈಕೆಲಸ, ಪವಿತ್ರಾತ್ಮನ ಆಲಯ. ಅದನ್ನು ನೋಡಿ ನೀವು ಅಳಬೇಕೆಂದು ಯಾವ ಪ್ರವಾದಿಯೂ ಯಾವ ಅಪೊಸ್ತಲನೂ ಬರೆದಿಲ್ಲ. ಉಡುಪಿನ ಬಗ್ಗೆ ಸತ್ಯವೇದಕ್ಕೆ ಹೇಳುವುದಕ್ಕೆ ಬಹಳ ಇದೆ. ಆದರೆ ನಮ್ಮ ಸಭೆಗಳಲ್ಲಿ ಅದರ ಒಂದು ತುಂಡನ್ನಷ್ಟೇ ಹಿಡಿದುಕೊಂಡು, ಆ ತುಂಡನ್ನೂ ಹುಡುಗಿಯರ ಕೈಗೆ ಮಾತ್ರ ಕೊಟ್ಟುಬಿಟ್ಟಿದ್ದೇವೆ. ಅದು ನನಗೆ ಬಹುಕಾಲದ ನೋವು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಉಡುಪಿನ ಮಾತು ಬಂದಾಗಲೆಲ್ಲ ಎಲ್ಲರೂ ತೆರೆಯುವುದು 1 ತಿಮೊಥೆಯ 2:9. ನೀವೂ ತೆರೆದು ನಿಧಾನವಾಗಿ ಓದಿ. ಪೌಲ ಅಲ್ಲಿ ಬೇಡವೆನ್ನುವುದು ಹೆಣೆದ ಜಡೆ, ಚಿನ್ನ, ಮುತ್ತು, ಬೆಲೆಯುಳ್ಳ ವಸ್ತ್ರ. ತೋಳಿನ ಮಾತಿಲ್ಲ, ಮೊಣಕಾಲಿನ ಮಾತಿಲ್ಲ, ಕುತ್ತಿಗೆಯ ಮಾತೂ ಇಲ್ಲ. ಹೆಸರಿಟ್ಟು ಹೇಳಿದ ನಾಲ್ಕೂ ದುಡ್ಡಿಗೆ ಸಂಬಂಧಪಟ್ಟವು. ಜಡೆಯೂ ಹಾಗೆಯೇ. ಅಂದಿನ ರೋಮನ್ ಸಿರಿವಂತರ ಮನೆಗಳಲ್ಲಿ ತಲೆಯ ಮೇಲೆ ಅಂತಸ್ತುಗಟ್ಟಿ ಕೂದಲು ಹೆಣೆದು ಕೂರಿಸುವುದಕ್ಕೆಂದೇ ದಾಸಿಯರಿರುತ್ತಿದ್ದರು. ಅಂಥ ಜಡೆ ಕಂಡರೆ ಸಾಕು, ಇವಳಿಗೆ ಗಂಟೆಗಟ್ಟಲೆ ಕೂರುವ ಬಿಡುವಿದೆ, ಕೈಕೆಳಗೆ ಜನರಿದ್ದಾರೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು.

ಮುತ್ತಿನ ಕಥೆ ಇನ್ನೂ ದೊಡ್ಡದು. ಪೌಲನ ಕಾಲದವನೇ ಆದ ಪ್ಲಿನಿ ಎಂಬ ರೋಮನ್ ಲೇಖಕ ತಾನು ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಚಕ್ರವರ್ತಿ ಕಲಿಗುಲನ ಹೆಂಡತಿಯಾಗಿದ್ದ ಲೊಲ್ಲಿಯಾ ಪೌಲಿನಾ ಒಂದು ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ತಲೆ, ಕಿವಿ, ಕೊರಳು, ಬೆರಳುಗಳ ತುಂಬ ಪಚ್ಚೆ ಮತ್ತು ಮುತ್ತು ಹೇರಿಕೊಂಡು ಬಂದಿದ್ದಳಂತೆ. ಅವುಗಳ ಬೆಲೆ 4 ಕೋಟಿ ಸೆಸ್ಟರ್ಸ್ (ಅಂದಿನ ರೋಮನ್ ನಾಣ್ಯ). ಯಾರಾದರೂ ನಂಬದಿದ್ದರೆ ತೋರಿಸಲು ಲೆಕ್ಕಪತ್ರವೂ ಅವಳ ಹತ್ತಿರ ಸಿದ್ಧವಿತ್ತು. ಆ ಕಾಲದಲ್ಲಿ ಸಾಮಾನ್ಯ ರೋಮನ್ ಸಿಪಾಯಿಯ ವರ್ಷದ ಸಂಬಳ 900 ಸೆಸ್ಟರ್ಸ್. ಅಂದರೆ ಅವಳ ಮೈಮೇಲಿದ್ದದ್ದು ಒಬ್ಬ ಸಿಪಾಯಿಯ 44,000 ವರ್ಷಗಳ ದುಡಿಮೆ.

ಈಗ ತಿಮೊಥೆಯನಿದ್ದ ಎಫೆಸವನ್ನು ನೆನೆಯಿರಿ. ವ್ಯಾಪಾರದಿಂದ ಕೊಬ್ಬಿದ ಬಂದರು ಪಟ್ಟಣ. ಸಭೆ ಕೂಡುತ್ತಿದ್ದದ್ದು ಯಾರದೋ ಮನೆಯಲ್ಲಿ. ಒಂದೇ ಕೋಣೆಯಲ್ಲಿ ಒಡತಿ, ಅವಳ ಪಕ್ಕದಲ್ಲೇ ಆ ಬೆಳಿಗ್ಗೆ ಅವಳ ಜಡೆ ಹೆಣೆದ ದಾಸಿ, ಆಚೆ ಒಬ್ಬ ವಿಧವೆ. ಎಲ್ಲರೂ ಒಂದೇ ರೊಟ್ಟಿ ಮುರಿಯಬೇಕು. ಅಲ್ಲಿ ಒಬ್ಬಳು ತನ್ನ ಮೈಮೇಲೆ ಸಂಪತ್ತನ್ನು ಬಿಡಿಸಿಟ್ಟರೆ ಆ ರೊಟ್ಟಿಗೆ ಅರ್ಥವೇ ಉಳಿಯುವುದಿಲ್ಲ. ಪೌಲನ ಕಳವಳ ಇದು. ಚಿನ್ನದ ಉಂಗುರದವನಿಗೆ ಒಳ್ಳೆಯ ಪೀಠ, ಕೊಳಕು ಬಟ್ಟೆಯವನಿಗೆ ಕಾಲ್ಮಣೆಯ ಹತ್ತಿರ ನೆಲ ಎಂದು ಯಾಕೋಬ 2ನೇ ಅಧ್ಯಾಯದಲ್ಲಿ ಗದರಿಸುವುದೂ ಇದನ್ನೇ. ಯೆಶಾಯ 3ರಲ್ಲಿ ಚೀಯೋನಿನ ಹೆಂಗಸರ ಆಭರಣಗಳ ದೊಡ್ಡ ಪಟ್ಟಿಯೇ ಇದೆ. ಆದರೆ ಆ ಪಟ್ಟಿಗೆ ಸ್ವಲ್ಪ ಮುಂಚೆ 14 ಮತ್ತು 15ನೇ ವಚನಗಳಲ್ಲಿ, ಬಡವರಿಂದ ದೋಚಿದ್ದು ನಿಮ್ಮ ಮನೆಗಳಲ್ಲಿದೆ ಎಂದು ದೇವರು ಅಧಿಪತಿಗಳನ್ನು ಹಿಡಿದು ಕೇಳುತ್ತಾನೆ. ಆ ಎರಡು ವಚನ ಬಿಟ್ಟು ಆಭರಣದ ಪಟ್ಟಿಯನ್ನು ಮಾತ್ರ ಓದುವವರನ್ನು ನಾನು ಬಹಳ ಕಂಡಿದ್ದೇನೆ.

ಅದೇ ತಿಮೊಥೆಯನ ಪತ್ರಿಕೆಯಲ್ಲಿ ಇನ್ನೊಂದು ಸಂಗತಿಯಿದೆ. 2:9ರಲ್ಲಿ ಸ್ತ್ರೀಯರ ಉಡುಪಿಗೆ ಪೌಲ ಬಳಸಿದ ಗ್ರೀಕ್ ಪದ ಕೊಸ್ಮಿಯೊಸ್. ಅಚ್ಚುಕಟ್ಟು, ಮರ್ಯಾದೆಗೆ ತಕ್ಕದ್ದು ಎಂದು ಅರ್ಥ. ಜೊತೆಗೆ ಸೊಫ್ರೊಸುನೆ, ಅಂದರೆ ಹತೋಟಿಯಲ್ಲಿರುವ ತಿಳಿಮನಸ್ಸು. ಒಂದು ಪುಟ ಮುಂದೆ ಹೋದರೆ 3:2ರಲ್ಲಿ ಸಭಾಧ್ಯಕ್ಷ ಹೇಗಿರಬೇಕೆಂದು ಹೇಳುವಾಗ ಇದೇ ಎರಡು ಪದಗಳ ಬೇರಿನಿಂದ ಬಂದ ಮಾತುಗಳೇ ಮತ್ತೆ ಬರುತ್ತವೆ. ಹೆಂಗಸಿನ ಉಡುಪಿಗೆ ಯಾವ ಅಳತೆಗೋಲೋ ಸಭೆ ನಡೆಸುವ ಗಂಡಸಿನ ಬದುಕಿಗೂ ಅದೇ. ಹಾಗಾದರೆ ವೇದಿಕೆಯ ಮೇಲೆ ಹೊಳೆಯುವ ಸೂಟು, ದೂರದಿಂದಲೇ ಕಂಪನಿ ಗೊತ್ತಾಗುವ ಗಡಿಯಾರ, ಇವುಗಳ ಬಗ್ಗೆ ಸಹೋದರರನ್ನು ಪಕ್ಕಕ್ಕೆ ಕರೆದು ಮಾತಾಡಿದವರು ಎಷ್ಟು ಜನ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸೇವೆಗೆ ಸೇರಿದ ಹೊಸದರಲ್ಲಿ ನಾನಿದ್ದ ಸಭೆಯಲ್ಲಿ ಒಂದು ನಿಯಮ ಬಂತು: ಕರ್ತನ ಭೋಜನದ ಭಾನುವಾರ ಎಲ್ಲ ಸಹೋದರಿಯರೂ ಬಿಳಿ ಉಡುಪಿನಲ್ಲಿ ಬರಬೇಕು. ಆಡಂಬರ ಇರಬಾರದು, ಎಲ್ಲರೂ ಒಂದೇ ಎಂದು ಕಾಣಬೇಕು ಎಂಬುದೇ ಉದ್ದೇಶ. ಅದನ್ನು ಬಾಗಿಲಲ್ಲಿ ನಿಂತು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಮೂರು ತಿಂಗಳು ಒಬ್ಬ ತಾಯಿ ಆ ಭಾನುವಾರಗಳಲ್ಲಿ ಮಾತ್ರ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಅವರಿಗಿದ್ದದ್ದು ಒಂದೇ ಒಳ್ಳೆಯ ಉಡುಪು, ಅದು ಬಿಳಿಯದಲ್ಲ. ಆಡಂಬರ ತಡೆಯಲು ಮಾಡಿದ ನಿಯಮವೇ ಬಡವಳನ್ನು ಕರ್ತನ ಮೇಜಿನಿಂದ ದೂರ ಇಟ್ಟಿತ್ತು. ಮೇಜಿನವರೆಗೂ ಬಂದು ಹಿಂತಿರುಗಿದ್ದರೆ ಕಾಣುತ್ತಿತ್ತು. ಅವರು ಬಾಗಿಲವರೆಗೂ ಬರಲಿಲ್ಲ, ಹಾಗಾಗಿ ನನಗೆ ಕಾಣಲೇ ಇಲ್ಲ. ಅವರ ಮುಂದೆ ಕ್ಷಮೆ ಕೇಳಿದ ದಿನದಿಂದ, ಉಡುಪಿನ ಯಾವ ನಿಯಮ ಕೇಳಿದರೂ ಇದರಿಂದ ಹೊರಗೆ ಉಳಿಯುವವರು ಯಾರು ಎಂದು ಮೊದಲು ನೋಡುತ್ತೇನೆ.

ಹಾಗೆಂದು ಮೈ ಮುಚ್ಚುವ ವಿಷಯಕ್ಕೆ ಸತ್ಯವೇದದಲ್ಲಿ ಬೆಲೆಯೇ ಇಲ್ಲವೆಂದು ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದಂತೆ. ಆದಿಕಾಂಡ 3ರಲ್ಲಿ ಆದಾಮ ಹವ್ವರು ನಾಚಿ ಅಂಜೂರದ ಎಲೆ ಹೊಲಿದುಕೊಂಡರು. ಅದು ಸೊಂಟಕ್ಕೆ ಸುತ್ತುವಷ್ಟೇ. 21ನೇ ವಚನದಲ್ಲಿ ದೇವರೇ ಅವರಿಗೆ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದ. ತೋಟದಿಂದ ಹೊರಗೆ ಕಳುಹಿಸುವ ಮುಂಚೆ, ತಪ್ಪು ಮಾಡಿದ ಮಕ್ಕಳಿಗೆ ತಂದೆ ಮಾಡಿದ ಕೆಲಸ ಅದು. ಬಟ್ಟೆ ಅಲ್ಲಿ ಶಿಕ್ಷೆಯಾಗಿ ಬರುವುದಿಲ್ಲ, ಕರುಣೆಯಾಗಿ ಬರುತ್ತದೆ. 1 ಕೊರಿಂಥ 12:23ರಲ್ಲಿ ಪೌಲ, ದೇಹದ ಯಾವ ಅಂಗಗಳನ್ನು ಕಡಿಮೆಯೆಂದು ಎಣಿಸುತ್ತೇವೋ ಅವುಗಳಿಗೇ ಹೆಚ್ಚು ಗೌರವ ಹೊದಿಸುತ್ತೇವೆ ಎನ್ನುತ್ತಾನೆ. ಮುಚ್ಚುವುದು ಹೊಲಸಾದದ್ದನ್ನಲ್ಲ, ಬೆಲೆಯುಳ್ಳದ್ದನ್ನು, ಎಲ್ಲರ ಕಣ್ಣಿಗೂ ಹರಾಜಿಗಿಡಬಾರದ್ದನ್ನು. ಇನ್ನೊಬ್ಬರ ಮನಸ್ಸನ್ನು ಕೆಡಿಸಬೇಕೆಂದೇ ತೊಡುವ ಉಡುಪನ್ನು ಜ್ಞಾನೋಕ್ತಿ 7 ತಪ್ಪೆಂದೇ ತೋರಿಸುತ್ತದೆ. ಅಲ್ಲಿ ಆಕೆಯ ಉಡುಪಿಗಿಂತ ಮೊದಲೇ ಆಕೆಯ ಉದ್ದೇಶ ಹೊರಟು ಬಂದಿರುತ್ತದೆ. ನೀವು ಆ ಉದ್ದೇಶದಿಂದ ಆರಾಧನೆಗೆ ಹೋದಿರಾ? ನಿಮ್ಮ ಪತ್ರ ಓದಿದ ಯಾರೂ ಹಾಗೆ ಅನ್ನಲಾರರು.

ಈಗ ಎಡವುವ ಮಾತು. ನಿಮಗೆ ಅತಿ ಹೆಚ್ಚು ನೋವು ಮಾಡಿದ್ದು ಇದೇ ಎಂದು ಕಾಣುತ್ತದೆ.

ರೋಮಾಪುರ 14 ಮತ್ತು 1 ಕೊರಿಂಥ 8ರಲ್ಲಿ ಪೌಲ ಬರೆದದ್ದು ಊಟದ ಬಗ್ಗೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ಒಬ್ಬ ಧೈರ್ಯದಿಂದ ತಿನ್ನುವುದನ್ನು ಕಂಡು, ಅದು ತಪ್ಪೆಂದು ನಂಬಿರುವ ಇನ್ನೊಬ್ಬ ತನ್ನ ಮನಸ್ಸಾಕ್ಷಿಯನ್ನು ತುಳಿದು ತಾನೂ ತಿನ್ನುತ್ತಾನೆ. ಅದು ಪೌಲ ಹೇಳುವ ಎಡವುವಿಕೆ. ಒಬ್ಬರಿಗೆ ಇಷ್ಟವಾಗದ್ದನ್ನೆಲ್ಲ ಎಡವುಗಲ್ಲು ಎಂದು ಕರೆದರೆ, ಸಭೆಯಲ್ಲಿ ಬೇಗ ಮುಖ ಸಿಂಡರಿಸುವವರ ಮಾತೇ ಧರ್ಮಶಾಸ್ತ್ರವಾಗುತ್ತದೆ. ಆದರೂ ಆ ಅಧ್ಯಾಯಗಳ ಒಳದನಿಯನ್ನು ನಾನು ತಳ್ಳಿಹಾಕುವುದಿಲ್ಲ. ನನಗೆ ಹಕ್ಕಿದೆ, ಆದರೆ ಸಹೋದರನಿಗಾಗಿ ಬಿಡಬಲ್ಲೆ ಎನ್ನುವ ಪ್ರೀತಿ ಕ್ರೈಸ್ತ ಬದುಕಿನ ಉಸಿರು. ಅದು ಉಡುಪಿಗೂ ಸಲ್ಲುತ್ತದೆ.

ಆದರೆ ಕಾಮದ ನೋಟದ ಬಗ್ಗೆ ಯೇಸುಸ್ವಾಮಿ ನೇರವಾಗಿಯೇ ಮಾತಾಡಿದ್ದಾರೆ. ಮತ್ತಾಯ 5:28ರಲ್ಲಿ ಪರಸ್ತ್ರೀಯನ್ನು ಮೋಹಿಸಿ ನೋಡುವವನು ಹೃದಯದಲ್ಲೇ ವ್ಯಭಿಚಾರ ಮಾಡಿದವನು ಎನ್ನುತ್ತಾರೆ. ಮುಂದಿನ ವಚನದಲ್ಲಿ ಎಡವಿಸುವ ಮಾತು ಬರುತ್ತದೆ. ಎಡವಿಸುವುದು ಯಾವುದು? ನಿನ್ನ ಬಲಗಣ್ಣು. ಕೀಳಬೇಕಾದದ್ದು ಆ ಕಣ್ಣು. ಆ ಹೆಂಗಸು ಏನು ತೊಟ್ಟಿದ್ದಳು ಎಂದು ಸ್ವಾಮಿ ಕೇಳಲೇ ಇಲ್ಲ. ಯೋಬ ಕೂಡ ಒಪ್ಪಂದ ಮಾಡಿಕೊಂಡದ್ದು ತನ್ನ ಕಣ್ಣುಗಳೊಂದಿಗೆ, ಊರಿನ ಹುಡುಗಿಯರೊಂದಿಗಲ್ಲ (ಯೋಬ 31:1). ಆದ್ದರಿಂದ ಇನ್ನೊಬ್ಬನ ನೋಟದ ಲೆಕ್ಕವನ್ನು ದೇವರು ನಿಮ್ಮಿಂದ ಕೇಳುತ್ತಾನೆಂಬ ಮಾತನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ಉದ್ದೇಶದ ಲೆಕ್ಕ ನಿಮ್ಮದು, ಅವರ ಕಣ್ಣಿನ ಲೆಕ್ಕ ಅವರದು. ಯೌವನಸ್ಥರ ಕೂಟ ನಡೆಸುವ ಹಿರಿಯರಿಗೂ ಇದನ್ನೇ ಹೇಳುತ್ತೇನೆ: ಹುಡುಗಿಯರಿಗೆ ಬಟ್ಟೆಯ ಪಾಠ ಮಾಡಿದ ದಿನ ಹುಡುಗರಿಗೆ ಮತ್ತಾಯ 5:29ರ ಪಾಠ ಮಾಡದಿದ್ದರೆ, ತಮ್ಮ ಕಣ್ಣಿಗೆ ತಾವು ಹೊಣೆಯಲ್ಲವೆಂದು ಆ ಹುಡುಗರಿಗೆ ಕಲಿಸಿದಂತಾಯಿತು. ಅದನ್ನು ಕಲಿತ ಹುಡುಗ ಮುಂದೆ ಎಂಥ ಗಂಡನಾಗುತ್ತಾನೆ, ಎಂಥ ಸಭಾಪಾಲಕನಾಗುತ್ತಾನೆ?

ಪ್ಯಾಂಟಿನ ವಿಷಯ ಬೇಗ ಮುಗಿಸಬಹುದು. ಧರ್ಮೋಪದೇಶಕಾಂಡ 22:5 ಬರೆದ ಕಾಲದ ಇಸ್ರಾಯೇಲಿನಲ್ಲಿ ಗಂಡಸೂ ಹೆಂಗಸೂ ತೊಡುತ್ತಿದ್ದದ್ದು ನಿಲುವಂಗಿ ಮತ್ತು ಮೇಲುಹೊದಿಕೆ. ಹೆಂಗಸು ಧರಿಸಬಾರದೆಂದ ವಸ್ತುವಿಗೆ ಅಲ್ಲಿರುವ ಹೀಬ್ರೂ ಪದ ಕೆಲಿ. ಸಲಕರಣೆ, ಸಾಮಾನು, ಆಯುಧ ಎಲ್ಲಕ್ಕೂ ಅದು ಸಲ್ಲುತ್ತದೆ. ಗಂಡು ಹೆಣ್ಣಿನ ಗುರುತು ಅಳಿಸಿ ಮೋಸಮಾಡುವುದನ್ನು ಆ ವಚನ ತಡೆಯುತ್ತದೆಂದು ಓದುವವರಿದ್ದಾರೆ, ಅನ್ಯದೇವತೆಗಳ ಪೂಜೆಯ ವೇಷವನ್ನು ತಡೆಯುತ್ತದೆಂದು ಓದುವವರೂ ಇದ್ದಾರೆ. ಹೇಗೆ ಓದಿದರೂ, ಹೆಂಗಸರಿಗೆಂದೇ ಹೊಲಿದು ಹೆಂಗಸರೇ ತೊಡುವ ಪ್ಯಾಂಟು ಪುರುಷನ ಉಡುಪಾಗುವುದು ಹೇಗೆ? ಅದೇ ಅಧ್ಯಾಯದ 11ನೇ ವಚನ ಉಣ್ಣೆ ಮತ್ತು ನಾರು ಬೆರೆಸಿ ನೇಯ್ದ ಬಟ್ಟೆ ಬೇಡವೆನ್ನುತ್ತದೆ. ಅದನ್ನು ಯಾರೂ ಆರಾಧನೆಯ ಬಾಗಿಲಲ್ಲಿ ಪರೀಕ್ಷಿಸುವುದಿಲ್ಲ. ಇನ್ನೊಂದು ವಚನ ನಿಮಗೆ ಸಮಾಧಾನ ಕೊಡಬಹುದು. ಮೈ ಕಾಣದಂತೆ ಎಲ್ಲಿಂದ ಎಲ್ಲಿಯವರೆಗೆ ಮುಚ್ಚಬೇಕೆಂದು ಅಳತೆ ಹೇಳಿದ ಆಜ್ಞೆ ವಿಮೋಚನಕಾಂಡ 28:42ರಲ್ಲಿದೆ: ಸೊಂಟದಿಂದ ತೊಡೆಯವರೆಗೆ ನಾರಿನ ಚಡ್ಡಿ. ಅದು ಯಾಜಕರಿಗೆ, ಅಂದರೆ ಗಂಡಸರಿಗೆ ಕೊಟ್ಟ ಆಜ್ಞೆ.

ಸಭೆಯ ಇತಿಹಾಸದಲ್ಲಿ ನೀವು ಕೇಳಿದಂಥ ಮಾತು ಹೊಸದಲ್ಲ. ಸುಮಾರು 200ನೇ ಇಸವಿಯಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಸ್ತ್ರೀಯರ ಅಲಂಕಾರದ ಬಗ್ಗೆ ಬರೆಯುತ್ತ, ಹೆಣ್ಣನ್ನು ಸೈತಾನನ ಬಾಗಿಲು ಎಂದು ಕರೆದ. ಅವನ ವಿಶ್ವಾಸವನ್ನು ನಾನು ಗೌರವಿಸುತ್ತೇನೆ, ಆ ಮಾತನ್ನು ಗೌರವಿಸಲಾರೆ. ಮರಿಯಳ ಗರ್ಭದಲ್ಲಿ ಹುಟ್ಟಿದವನನ್ನು ಆರಾಧಿಸುವವರ ಬಾಯಲ್ಲಿ ಅದು ಬರಬಾರದಿತ್ತು. ಆದರೆ ಇನ್ನೊಂದು ದನಿಯೂ ನಮ್ಮಲ್ಲಿ ಸದಾ ಇತ್ತು. ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಯೋಹಾನ ಕ್ರಿಸೊಸ್ತೊಮ್, ಕ್ರಿಸ್ತನನ್ನು ಆಲಯದೊಳಗೆ ರೇಷ್ಮೆಯಿಂದ ಗೌರವಿಸಿ ಹೊರಗೆ ಚಳಿಯಲ್ಲಿ ಬೆತ್ತಲೆ ನಿಂತ ಕ್ರಿಸ್ತನನ್ನು ಕಡೆಗಣಿಸಬೇಡಿ ಎಂದು ಜನರನ್ನು ಬೇಡಿಕೊಂಡ. ರೇಷ್ಮೆ ಎಳೆಯ ಪಾದರಕ್ಷೆ ಹಾಕಿ ಮೆರೆಯುವ ಯುವಕರನ್ನೂ ಅವನು ಬಿಡಲಿಲ್ಲ. 13ನೇ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್, ದೋಷ ಬಟ್ಟೆಯಲ್ಲಿಲ್ಲ, ಅದನ್ನು ಬಳಸುವ ಮಿತಿಮೀರಿದ ಮನಸ್ಸಿನಲ್ಲಿದೆ ಎಂದ. ಸುತ್ತಲಿನ ಜನರ ವಾಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದ. ಹರಕು ಬಟ್ಟೆ ತೊಟ್ಟು ನಾನೆಷ್ಟು ಭಕ್ತ ನೋಡಿ ಎಂದು ತೋರಿಸುವುದೂ ಡಂಭವೇ ಎಂದ. ಭಕ್ತಿ ತೋರಿಸಲು ಬಟ್ಟೆಯ ಗೊಂಡೆಗಳನ್ನು ಉದ್ದ ಮಾಡಿಕೊಳ್ಳುವ ಫರಿಸಾಯರ ಬಗ್ಗೆ ಯೇಸುಸ್ವಾಮಿ ಮತ್ತಾಯ 23:5ರಲ್ಲಿ ಹೇಳಿದ್ದೂ ಇದೇ ರೋಗ.

ಇವರೆಲ್ಲರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವರು ಮಾರ್ಗರೆಟ್ ಫೆಲ್. ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ತಾಯಿಬೇರಿನಂತಿದ್ದವರು, ವಿಶ್ವಾಸಕ್ಕಾಗಿ ಸೆರೆಮನೆ ಕಂಡವರು. ಸರಳ ಉಡುಪು ಆ ಪಂಗಡದ ಹೆಮ್ಮೆ. ಬರುಬರುತ್ತ ಆ ಸರಳತೆ ಒಂದೇ ಬಣ್ಣ, ಒಂದೇ ಮಾದರಿ ಎಂಬ ಕಟ್ಟಳೆಯಾಗಿ ಬಿಗಿಯತೊಡಗಿತು. 1700ರಲ್ಲಿ, 85 ದಾಟಿದ ಆ ಮುದುಕಿ ತನ್ನವರಿಗೇ ಪತ್ರ ಬರೆದು, ಎಲ್ಲರೂ ಒಂದೇ ಉಡುಪು ಒಂದೇ ಬಣ್ಣದಲ್ಲಿರಬೇಕೆನ್ನುವುದು ಬರಡು ಸುವಾರ್ತೆ ಎಂದು ಎಚ್ಚರಿಸಿದರು. ಸರಳತೆಯನ್ನು ಜೀವನವಿಡೀ ಬದುಕಿದವರೇ ಈ ಮಾತು ಹೇಳಿದ್ದರಿಂದ ಅದಕ್ಕೆ ತೂಕ ಹೆಚ್ಚು.

ಇನ್ನು ನೀವೇನು ಮಾಡಬೇಕು? ಪೌಲನ ಬದುಕಿನ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಪೊಸ್ತಲರ ಕೃತ್ಯಗಳು 16:3ರಲ್ಲಿ ಅವನು ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಯೆಹೂದ್ಯರ ನಡುವೆ ಸೇವೆಗೆ ಅಡ್ಡಿಯಾಗಬಾರದೆಂದು. ಗಲಾತ್ಯ 2ರಲ್ಲಿ ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸುವ ವಿಷಯ ಬಂದಾಗ ಒಂದು ಗಳಿಗೆಯೂ ಮಣಿಯಲಿಲ್ಲ. ಸುನ್ನತಿ ಒಂದೇ. ಆದರೆ ತೀತನ ಸಂಗತಿಯಲ್ಲಿ, ಇದಿಲ್ಲದೆ ನೀನು ಪೂರ್ತಿ ದೇವಜನನಲ್ಲ ಎಂದು ಒತ್ತಾಯಿಸುವವರು ಎದುರಿಗಿದ್ದರು. ಪ್ರೀತಿಗಾಗಿ ಕೊಡಬಹುದಾದದ್ದನ್ನು ರಕ್ಷಣೆಯ ಷರತ್ತಾಗಿ ಕೇಳಿದಾಗ ಪೌಲ ಕೊಡಲಿಲ್ಲ.

ನಿಮ್ಮ ಸಭೆಯಲ್ಲಿ ನಡೆಯುತ್ತಿರುವುದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಆ ಹಿರಿಯ ಸಹೋದರಿಯ ಹತ್ತಿರ ನೀವೇ ಹೋಗಿ, ಇಬ್ಬರೇ ಇರುವಾಗ. ಹಿರಿಯ ಹೆಂಗಸರು ಕಿರಿಯರಿಗೆ ಬುದ್ಧಿ ಹೇಳಲಿ ಎಂದು ತೀತ 2 ಹೇಳುತ್ತದೆ. ಅವರು ನಿಮ್ಮೊಡನೆ ಮಾತಾಡಿದ್ದು ತಪ್ಪಲ್ಲ, ನಿಮ್ಮ ತಲೆಯ ಮೇಲೆ ಹೊರಿಸಿದ ಲೆಕ್ಕ ತಪ್ಪು. "ಅಕ್ಕಾ, ನಿಮ್ಮ ಮಾತು ನನಗೆ ಬಹಳ ನೋವು ಮಾಡಿತು. ನಿಮ್ಮ ಕಳವಳ ಏನೆಂದು ಕೇಳಿ ತಿಳಿಯಬೇಕೆಂದು ಬಂದೆ" ಎಂದು ಹೇಳಿ ಸುಮ್ಮನೆ ಕೇಳಿ. ಅನೇಕ ಸಲ ಇಂಥ ಕಟುಮಾತಿನ ಹಿಂದೆ ತಮ್ಮ ಯೌವನದಲ್ಲಿ ಅವರೇ ಕೇಳಿಸಿಕೊಂಡು ನುಂಗಿದ ಮಾತಿರುತ್ತದೆ. ಆ ಮಾತುಕತೆಯ ನಂತರ, ಆರಾಧನೆಗೆ ಬರುವಾಗ ತೋಳಿರುವ ಉಡುಪು ತೊಡಲು ನಿಮ್ಮ ಮನಸ್ಸೇ ಒಪ್ಪಿದರೆ ಸಂತೋಷವಾಗಿ ತೊಡಿ. ಅದು ತಿಮೊಥೆಯನ ದಾರಿ, ಅದರಲ್ಲಿ ನಿಮ್ಮ ಮಾನ ಕಡಿಮೆಯಾಗುವುದಿಲ್ಲ. ಆದರೆ ಭಯದಿಂದ ತೊಡಬೇಡಿ, ನಾನು ಹೊಲಸು ಎಂದುಕೊಂಡು ತೊಡಬೇಡಿ. ಸಭಾಪಾಲಕರೇ ಇದನ್ನು ರಕ್ಷಣೆಯ ಮಾತಾಗಿ ಬೋಧಿಸುತ್ತಿದ್ದರೆ, ಗಲಾತ್ಯ 2 ಮತ್ತು 5ನೇ ಅಧ್ಯಾಯಗಳನ್ನು ತೆಗೆದುಕೊಂಡು ಅವರ ಬಳಿ ಹೋಗಿ, ನಿಮ್ಮನ್ನು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅಲ್ಲಿಯೂ ಕಿವಿ ಮುಚ್ಚಿದ್ದರೆ ಬೇರೆ ಸಭೆ ಹುಡುಕುವುದು ಪಾಪವಲ್ಲ. ಒಂದು ಭಾನುವಾರದ ಕಣ್ಣೀರಿಗೆ ಮಾತ್ರ ಬಿಡಬೇಡಿ.

ಬಟ್ಟೆ ಕೊಳ್ಳುವಾಗ ನಾನು ಮಾಡುವುದನ್ನು ಹೇಳುತ್ತೇನೆ, ಬೇಕಾದರೆ ನೀವೂ ಮಾಡಿ. ಇದನ್ನು ತೊಟ್ಟು, ನನಗಿಂತ ಬಡವರಾದ ಸಹೋದರಿಯ ಪಕ್ಕ ಕೂತರೆ ಆಕೆಗೆ ತಾನು ಕಡಿಮೆ ಎನಿಸೀತೇ ಎಂದು ಕೇಳಿಕೊಳ್ಳುತ್ತೇನೆ. ಬಗ್ಗಿ ಮಗುವನ್ನು ಎತ್ತಿಕೊಳ್ಳಲು, ನೆಲದಲ್ಲಿ ಕೂತು ಪ್ರಾರ್ಥಿಸಲು ಮತ್ತೆ ಮತ್ತೆ ಸರಿಪಡಿಸಿಕೊಳ್ಳದೆ ಆಗುತ್ತದೆಯೇ ಎಂದು ನೋಡುತ್ತೇನೆ. ಎರಡು ಅಂಗಿಯಿರುವವನು ಇಲ್ಲದವನಿಗೆ ಒಂದು ಕೊಡಲಿ ಎಂಬ ಲೂಕ 3:11 ನೆನಪಾಗಿ ಎಷ್ಟೋ ಸಲ ಕೊಳ್ಳದೆಯೇ ಹೊರಗೆ ಬಂದಿದ್ದೇನೆ.

ಕೊನೆಗೆ ಅಜ್ಜಿಯ ಓಲೆ. ಆಭರಣವನ್ನು ಪೂರ್ತಿ ಬಿಟ್ಟು ಬದುಕುವ ಸಭೆಗಳಿವೆ. ತಮ್ಮನ್ನು ದೇವರಿಗೆ ಒಪ್ಪಿಸಿಕೊಂಡ ಗುರುತಾಗಿ ಅದನ್ನು ಮನಸಾರೆ ಮಾಡುವವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅದನ್ನು ಎಲ್ಲರ ಮೇಲೂ ಹೇರಲು 1 ಪೇತ್ರ 3:3 ಆಧಾರವಾಗುವುದಿಲ್ಲ. ಅಲ್ಲಿ ಮೂಲದಲ್ಲಿ ಚಿನ್ನ ಹಾಕಿಕೊಳ್ಳುವುದರ ಜೊತೆಗೇ "ವಸ್ತ್ರ ಧರಿಸುವುದು" ಎಂದಷ್ಟೇ ಇದೆ. ಚಿನ್ನ ಪೂರ್ತಿ ನಿಷಿದ್ಧವಾದರೆ ವಸ್ತ್ರವೂ ನಿಷಿದ್ಧವಾಗಬೇಕಾಗುತ್ತದೆ! ನಿನ್ನ ಸೊಬಗು ಇಷ್ಟರಲ್ಲೇ ನಿಲ್ಲದಿರಲಿ, ಒಳಗಿನ ಮನುಷ್ಯನಲ್ಲಿರಲಿ ಎಂಬುದೇ ಪೇತ್ರನ ಆಶೆ. ತನ್ನ ಸ್ನೇಹಿತನಾದ ಸಭಾಧ್ಯಕ್ಷ ಪೊಸ್ಸಿದಿಯಸನಿಗೆ ಪ್ರಾಚೀನ ಸಭೆಯ ಬೋಧಕ ಅಗಸ್ಟೀನ್ ಬರೆದ ಒಂದು ಪತ್ರದಲ್ಲಿ, ಚಿನ್ನ ಮತ್ತು ಉಡುಪಿನ ವಿಷಯದಲ್ಲಿ ದುಡುಕಿ ನಿಷೇಧ ಹೇರಬೇಡ ಎಂಬ ಬುದ್ಧಿಮಾತಿದೆ. ಅದು ನಿಮ್ಮ ಸಭೆಯ ಹಿರಿಯರಿಗೂ ಉಪಯೋಗಕ್ಕೆ ಬಂದೀತು.

ವಿಮೋಚನಕಾಂಡದಲ್ಲಿ ಇಸ್ರಾಯೇಲರ ಕಿವಿಯ ಚಿನ್ನ ಎರಡು ಸಲ ಕೈಬಿಟ್ಟು ಹೋಗುತ್ತದೆ. 32ನೇ ಅಧ್ಯಾಯದಲ್ಲಿ ಅದು ಕರಗಿ ಬಸವನಾಯಿತು. 35ನೇ ಅಧ್ಯಾಯದಲ್ಲಿ ಹೆಂಗಸರೂ ಗಂಡಸರೂ ಮನಃಪೂರ್ವಕವಾಗಿ ಅದನ್ನೇ ತಂದುಕೊಟ್ಟು ದೇವದರ್ಶನದ ಗುಡಾರ ಎದ್ದಿತು. ಯಾವುದಾದರೂ ದಿನ ಯಾರದೋ ಹಸಿವಿಗೆ, ಯಾರದೋ ಆಸ್ಪತ್ರೆಯ ಖರ್ಚಿಗೆ ನಿಮ್ಮ ಓಲೆ ಬೇಕಾದಾಗ ಬಿಚ್ಚಿಕೊಡಲು ಮನಸ್ಸು ಬಂದರೆ, ಅಂದು ಬಿಚ್ಚಿಕೊಡಿ. ಅಲ್ಲಿಯವರೆಗೆ ಅಜ್ಜಿಯನ್ನು ನೆನೆದು ಹಾಕಿಕೊಂಡಿರಿ. ಈ ಭಾನುವಾರ ಆರಾಧನೆಗೂ ಹಾಕಿಕೊಂಡೇ ಹೋಗಿ.